ನಾಲ್ಕು ಗಂಟಲಿನ ಪೆಟ್ಟಿಗೆ

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಧೈರ್ಯವಿದೆ. ಪಂಪ್‌ಸೆಟ್ಟು ಕೆಟ್ಟರೆ ನಾನೇ ಬಿಚ್ಚುತ್ತೇನೆ. ಕಾಫಿ ಪಲ್ಪರ್ ಕೆಟ್ಟರೂ ನಾನೇ ಬಿಚ್ಚುತ್ತೇನೆ. ಜೋಡಿಸುವವರು ಸಕಲೇಶಪುರದಿಂದ ಬರುತ್ತಾರೆ, ಆ ಮಾತು ಬೇರೆ. ಹೀಗಾಗಿ ಮನೆಗೊಂದು ಸ್ಟೋರೇಜ್ ಪೆಟ್ಟಿಗೆ ತಂದು, ಅದಕ್ಕೆ ನನ್ನ ಕೈಯಾರೆ ಆಜ್ಞೆಗಳನ್ನು ಬರೆದು, ಅದರಿಂದ ಆನೆ ಕಾಯಿಸುತ್ತೇನೆಂದು ಹೊರಟಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ.

ಆ ಪೆಟ್ಟಿಗೆಯನ್ನು ನೋಡದವರಿಗಾಗಿ ಎರಡು ಮಾತು. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟೇ ಅದರ ಗಾತ್ರ. ಒಳಗೆ ಹಾರ್ಡ್‌ಡಿಸ್ಕುಗಳು. ಪರದೆಯಿಲ್ಲ, ಕೀಬೋರ್ಡಿಲ್ಲ. ಒಂದು ವೈರು ಮೋಡೆಮ್ಮಿಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ. ಮನೆಯ ಫೋಟೋಗಳು, ತೋಟದ ಕ್ಯಾಮೆರಾಗಳು ಹಿಡಿದ ಚಿತ್ರಗಳು ಎಲ್ಲವೂ ಅದರ ಹೊಟ್ಟೆ ಸೇರುತ್ತವೆ. ಬೇಕೆಂದರೆ ನಾವು ಬರೆದುಕೊಟ್ಟ ಸಣ್ಣಪುಟ್ಟ ಕೆಲಸಗಳನ್ನೂ ಮಾಡುತ್ತದೆ. ಆ ಬರೆದುಕೊಟ್ಟ ಆಜ್ಞೆಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಮೊದಲ ದಿನ ನಾನು ಅದರ ಎದುರು ಸ್ಟೂಲು ಹಾಕಿಕೊಂಡು ಕೂತು ಹಸಿರು ದೀಪಗಳು ಮಿನುಗುವುದನ್ನೇ ನೋಡಿದೆ. ನಿಜ ಹೇಳುತ್ತೇನೆ, ನನಗೆ ಭಕ್ತಿ ಬಂತು. ಹೆಂಡತಿ ಜಯಂತಿ ಬಂದು ನೋಡಿ, ಕೈ ಮುಗಿಯುವುದಾದರೆ ಚಪ್ಪಲಿ ಬಿಟ್ಟು ಕೂರಿ ಎಂದಳು.

ನಮ್ಮದು ಬೆಳಗೋಡಿನಿಂದ ಒಳಗೆ, ಆಲೂರಿನ ಕಡೆಗೆ ವಾಲಿದ ಗುಡ್ಡದ ಮೇಲೊಂದು ಸಣ್ಣ ತೋಟ. ನಮ್ಮದು ಎಂದು ನಾವು ಅಂದುಕೊಂಡಿದ್ದೇವೆ, ಆನೆಗಳ ಅಭಿಪ್ರಾಯ ಬೇರೆ ಇದ್ದೀತು. ಅವು ಬಂದರೆ ಬಾಳೆ ಹೋಗುತ್ತದೆ, ಬೇಲಿ ಹೋಗುತ್ತದೆ, ಅದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಆದರೆ ಕಾಳುಮೆಣಸು ಕೊಯ್ಲಿನ ಕಾಲದಲ್ಲಿ ಜೀವದ ಪ್ರಶ್ನೆ. ಕೊಯ್ಯುವವರು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿಕೊಂಡು ಬಳ್ಳಿಯ ನಡುವೆ ಸೇರಿಹೋಗುತ್ತಾರೆ. ಮೇಲಿನವರಿಗೆ ಕೆಳಗೆ ಏನಿದೆಯೆಂದು ಕಾಣುವುದಿಲ್ಲ. ಉದುರಿದ ಮೆಣಸು ಆಯುವ ಹೆಂಗಸರು ಬಗ್ಗಿಕೊಂಡೇ ಇರುತ್ತಾರೆ, ಅವರಿಗೆ ಮುಂದೆ ಏನಿದೆಯೆಂದು ಕಾಣುವುದಿಲ್ಲ.

ಕೊಯ್ಲಿನ ತಂಡದ ಮೇಸ್ತ್ರಿ ಸಿದ್ದಣ್ಣ ಹಿಂದಿನ ವರ್ಷ ಏಣಿ ಇಳಿಯುತ್ತಿದ್ದಾಗ ಪಕ್ಕದ ಕಾಫಿ ಗಿಡ ಗಾಳಿಯಿಲ್ಲದೆ ಅಲ್ಲಾಡಿತಂತೆ. ನೋಡಿದರೆ ಅದರ ಹಿಂದೆ ಒಂಟಿ ಸಲಗ. ಇಳಿದ ಏಣಿಯನ್ನೇ ಮತ್ತೆ ಹತ್ತಿ ಜೀವ ಉಳಿಸಿಕೊಂಡವನು ಈ ವರ್ಷ ಕೊಯ್ಲಿಗೆ ಮೊದಲೇ ನಮ್ಮ ಜಗಲಿಯಲ್ಲಿ ಬಂದು ಕೂತ.

"ಮೇಲಿರೋರಿಗೆ ಇಳೀಬೇಡಿ ಅಂತ, ಕೆಳಗಿರೋರಿಗೆ ಓಡಿ ಅಂತ ಹೇಳೋರು ಒಬ್ರು ಬೇಕು ಗೌಡ್ರೇ. ಇಲ್ದಿದ್ರೆ ನಮ್ ಜನ ಈ ಸಲ ಮರ ಹತ್ತಲ್ಲ," ಎಂದ.

ಅವನು ಹೇಳಿದ್ದು ನ್ಯಾಯವೇ. ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಆದರೆ ನಮ್ಮ ತೋಟದ ಕೆರೆಯ ಏರಿ ದಾಟಿದರೆ ಸಿಗ್ನಲ್ ಇಲ್ಲ. ಆಗಲೇ ನನ್ನ ತಲೆಗೆ ಆ ದಿವ್ಯವಾದ ಯೋಚನೆ ಹೊಳೆದದ್ದು. ತೋಟಕ್ಕೆ ನಾಲ್ಕು ದಿಕ್ಕಿನಲ್ಲೂ ಕ್ಯಾಮೆರಾ ಇದೆ. ಚಿತ್ರಗಳೆಲ್ಲ ಪೆಟ್ಟಿಗೆಗೆ ಬರುತ್ತವೆ. ಟ್ರ್ಯಾಕ್ಟರ್ ಗಾತ್ರದ್ದೇನಾದರೂ ಅಲುಗಿದ್ದು ಕಂಡರೆ, ಕಾಫಿ ಕಣದ ಕಂಬಕ್ಕೆ ಕಟ್ಟಿದ ಮೈಕಿನಲ್ಲಿ ಪೆಟ್ಟಿಗೆಯೇ ಕೂಗಿ ಹೇಳಲಿ!

ಕೂಗುವುದಕ್ಕೆ ಸ್ವರ ಬೇಕಲ್ಲ, ನನ್ನದನ್ನೇ ಕೊಟ್ಟೆ. ಅಂಗಳದಲ್ಲಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಮೊಬೈಲಿಗೆ ಹೀಗೆ ಹೇಳಿದೆ: "ಆನೆ ಬಂದಿದೆ! ಆನೆ ಬಂದಿದೆ! ಮರದ ಮೇಲಿರುವವರು ಯಾವ ಕಾರಣಕ್ಕೂ ಇಳಿಯತಕ್ಕದ್ದಲ್ಲ. ಕೆಳಗಿರುವವರು ಕೂಡಲೇ ಸುರಕ್ಷಿತ ಸ್ಥಳ ಸೇರತಕ್ಕದ್ದು."

"ಆನೆ ಬಂದಾಗ ತಕ್ಕದ್ದು ಗಿಕ್ಕದ್ದು ಅಂತ ಯಾರ್ರೀ ಅಂತಾರೆ?" ಎಂದಳು ಜಯಂತಿ.

ಸರ್ಕಾರಿ ಧಾಟಿಯಲ್ಲಿ ಹೇಳಿದರೆ ಜನ ಎರಡನೇ ಮಾತಿಲ್ಲದೆ ನಂಬುತ್ತಾರೆ ಎಂದು ಅವಳಿಗೆ ತಿಳಿಹೇಳಿದೆ. ಈ ಮಾತು ಎಷ್ಟು ಸತ್ಯವೆಂದು ಆಮೇಲೆ ನನಗೇ ಗೊತ್ತಾಯಿತು.

ಇಂಟರ್ನೆಟ್ಟಿನಲ್ಲಿ ಯಾರ‍್ಯಾರೋ ಪುಣ್ಯಾತ್ಮರು ಬರೆದಿಟ್ಟದ್ದನ್ನು ಓದಿ ಓದಿ ಸ್ಕ್ರಿಪ್ಟ್ ತಯಾರಾಯಿತು. ಅದನ್ನು ಕೈಯಿಂದ ಓಡಿಸಿದೆ. ನಮ್ಮ ಹಸು ಗೇಟಿನ ಮುಂದೆ ಹಾದುಹೋಯಿತು, ಪೆಟ್ಟಿಗೆ ಸುಮ್ಮನಿತ್ತು. ನೆರೆಮನೆಯ ರಾಜೇಗೌಡರ ಟ್ರ್ಯಾಕ್ಟರ್ ಬಂತು. ಕಂಬದಿಂದ ನನ್ನ ಸ್ವರ ಗುಡ್ಡಕ್ಕೆಲ್ಲ ಕೇಳುವಂತೆ ಗರ್ಜಿಸಿತು. ರಾಜೇಗೌಡರು ಟ್ರ್ಯಾಕ್ಟರ್ ಬಿಟ್ಟು ಇಳಿದು ಓಡಿ ನಮ್ಮ ಜಗಲಿ ಸೇರಿಕೊಂಡರು. ಏದುಸಿರು ಬಿಡುತ್ತಲೇ ಅಲ್ಲೇ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಸುತ್ತ ಬಂದು ನೋಡಿದರು. ಇದರೊಳಗೆ ಯಾರೂ ಇಲ್ಲವಲ್ಲ, ಇದಕ್ಕೆ ಕಣ್ಣು ಬಂದದ್ದಾದರೂ ಹೇಗೆ ಎಂದು ಕೇಳಿದರು. ನನಗೂ ಅದೇ ಬೆರಗು. ಆದರೆ ತಯಾರಿಸಿದವನು ಬೆರಗಾಗುವ ಹಾಗಿಲ್ಲವಲ್ಲ, ಗಂಭೀರವಾಗಿ ತಲೆದೂಗಿದೆ. ಸಿದ್ದಣ್ಣನೂ ಒಪ್ಪಿದ. ಕೊಯ್ಲು ಶುರುವಾಯಿತು.

ಮರುದಿನ ಮಧ್ಯಾಹ್ನ ಗುಡುಗಿತು.

ನಮ್ಮ ಕಡೆ ಆಕಾಶ ಒಂದು ಸಲ ಗೊಣಗಿದರೆ ಸಾಕು, ಮನೆಯೊಡತಿ ಕೈಲಿರುವ ಕೆಲಸ ಬಿಟ್ಟು ಮನೆಯೆಲ್ಲ ಓಡಾಡಿ ಪ್ಲಗ್ ಕೀಳುತ್ತಾಳೆ. ಟಿವಿ ಸುಟ್ಟುಕೊಂಡವರು, ಫ್ರಿಜ್ ಸುಟ್ಟುಕೊಂಡವರು ಮನೆಮನೆಗೂ ಇದ್ದಾರೆ. ಆ ಕಾಯಿದೆಯ ಪ್ರಕಾರ ಜಯಂತಿ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತಳು. ಗುಡುಗು ನಿಂತ ಮೇಲೆ ಎಲ್ಲವನ್ನೂ ಮತ್ತೆ ಹಾಕಿದಳು. ಫ್ರಿಜ್ ತಣ್ಣಗಾಯಿತು, ಟಿವಿ ಮಾತಾಡಿತು, ಪೆಟ್ಟಿಗೆಯ ದೀಪಗಳು ಹಸಿರಾದವು. ಆದರೆ ಸಂಜೆ ರಾಜೇಗೌಡರ ಟ್ರ್ಯಾಕ್ಟರ್ ಗೇಟು ದಾಟಿ ಹೋದರೂ ಪೆಟ್ಟಿಗೆ ತುಟಿಪಿಟಕ್ ಎನ್ನಲಿಲ್ಲ. ನಿದ್ದೆಯಿಂದೆದ್ದ ಕೂಡಲೇ ಅದು ನನ್ನನ್ನೂ ಆನೆಯನ್ನೂ ಒಟ್ಟಿಗೆ ಮರೆತುಬಿಟ್ಟಿತ್ತು.

ಓದಿ ನೋಡಿದಾಗ ತಿಳಿಯಿತು. ಆಜ್ಞೆಯನ್ನು ಒಮ್ಮೆ ಕೈಯಿಂದ ಓಡಿಸಿದರೆ ಸಾಲದು, ಪ್ರತಿ ಸಲ ಎದ್ದಾಗಲೂ ತಾನಾಗಿ ಓಡುವಂತೆ ಪೆಟ್ಟಿಗೆಯೊಳಗೆ ಒಂದು ಜಾಗದಲ್ಲಿ ಬರೆದಿಡಬೇಕು, ಅದಕ್ಕೆ ಸ್ಟಾರ್ಟಪ್ ಸ್ಕ್ರಿಪ್ಟ್ ಎನ್ನುತ್ತಾರೆ. ಬರೆದಿಟ್ಟೆ. ಪ್ಲಗ್ ಕಿತ್ತು ಹಾಕಿದೆ. ಪೆಟ್ಟಿಗೆ ಎದ್ದಿತು, ನಾನು ಬರೆದದ್ದೇ ಮಾಯ! ಆ ಜಾಗವನ್ನು ಅದು ಏಳುವಾಗಲೆಲ್ಲ ಗುಡಿಸಿ ಸಾರಿಸಿ ಹೊಸದಾಗಿ ಕಟ್ಟಿಕೊಳ್ಳುತ್ತದಂತೆ. ಎಂಥ ಶುಚಿ! ಸಿಟ್ಟು ಬರುವ ಬದಲು ನನಗೆ ಗೌರವವೇ ಹೆಚ್ಚಾಯಿತು. ಆದರೆ ಬೇರೆ ದಾರಿ ಸಿಗುವವರೆಗೆ ಪ್ರತಿ ಗುಡುಗಿನ ನಂತರವೂ ನಾನೇ ಓಡಿಬಂದು ಅದನ್ನು ಎಬ್ಬಿಸಿ, ಅಪ್ಪಾ ಆನೆ ಕಾಯಬೇಕು ನೋಡು ಎಂದು ನೆನಪಿಸಬೇಕಾಗಿತ್ತು. ನಾನು ಊರಲ್ಲಿಲ್ಲದ ದಿನ ಗುಡುಗಿದರೆ ಮರದ ಮೇಲಿರುವವರ ಗತಿಯೇನು?

ಗುಡಿಸಿ ಹಾಕದ ಜಾಗಗಳೂ ಅದರೊಳಗಿವೆ ಎಂದು ಹುಡುಕಿ ಕಂಡುಕೊಂಡೆ. ಒಬ್ಬರು ಇಲ್ಲಿ ಬರೆಯಿರಿ ಎಂದಿದ್ದರು, ಇನ್ನೊಬ್ಬರು ಅಲ್ಲಿ ಎಂದಿದ್ದರು. ನಾನು ಇಲ್ಲಿ ಬರೆದೆ, ಓಡಲಿಲ್ಲ. ಅಲ್ಲಿ ಬರೆದೆ, ಓಡಲಿಲ್ಲ. ಆಗ ನನ್ನೊಳಗಿನ ಬೆಳೆಗಾರ ಎದ್ದು ಕೂತ. ಮೆಣಸಿನ ಬಳ್ಳಿ ನೆಡುವಾಗ ನಾವು ಒಂದು ಮರದ ಬುಡಕ್ಕೆ ಒಂದೇ ಬಳ್ಳಿ ನೆಡುವುದಿಲ್ಲ, ಮೂರು ನಾಲ್ಕು ನೆಡುತ್ತೇವೆ. ಒಂದು ಕೊಳೆತರೆ ಇನ್ನೊಂದು ಹಿಡಿಯುತ್ತದೆ. ಹಾಗೆಯೇ ಪೆಟ್ಟಿಗೆಯೊಳಗೆ ಸಿಕ್ಕ ನಾಲ್ಕು ಜಾಗದಲ್ಲೂ 'ಆ ಸ್ಕ್ರಿಪ್ಟನ್ನು ಓಡಿಸು' ಎಂದು ಒಂದೊಂದು ಸಾಲು ನೆಟ್ಟೆ. ಯಾವುದಾದರೂ ಒಂದು ಹಿಡಿದೀತು ಎಂದು ಕಾದೆ.

ಒಂದೂ ಹಿಡಿಯಲಿಲ್ಲ.

ಕಾರಣ ಎರಡಿದ್ದವು. ಮೊದಲನೆಯದು ನಮ್ಮ ಮನೆಯ ಸಂಪ್ರದಾಯ. ಗುಡುಗು ನಿಂತ ಮೇಲೆ ಜಯಂತಿ ಮೊದಲು ಅಡುಗೆಮನೆಯ ಪ್ಲಗ್ ಹಾಕುತ್ತಾಳೆ, ಆಮೇಲೆ ಟಿವಿ, ಆಮೇಲೆ ಪೆಟ್ಟಿಗೆ. ಮೋಡೆಮ್ಮಿನ ಪ್ಲಗ್ ಬೀರುವಿನ ಹಿಂದೆ ಇರುವುದರಿಂದ ಅದರ ಸರದಿ ಕೊನೆಗೆ, ಮನಸ್ಸಾದರೆ. ಮೋಡೆಮ್ ಇಲ್ಲದೆ ಪೆಟ್ಟಿಗೆಗೆ ಕ್ಯಾಮೆರಾಗಳು ಕಾಣುವುದಿಲ್ಲ. ಕಣ್ಣಿಲ್ಲದ ಕಾವಲುಗಾರ ಕೈಚೆಲ್ಲಿ ಕೂರುತ್ತಿದ್ದ.

"ಮೊದಲು ಮೋಡೆಮ್ ಹಾಕೇ, ಆಮೇಲೆ ಪೆಟ್ಟಿಗೆ. ಇಷ್ಟು ಮಾಡು ಮಾರಾಯ್ತಿ," ಎಂದು ಬೇಡಿಕೊಂಡೆ.

"ಫ್ರಿಜ್ಜಲ್ಲಿ ಮೀನೈತೆ ಕಣ್ರೀ. ಆನೆ ಬಂದ್ರೆ ಬರ್ಲಿ, ಮೀನು ಕೆಡಬಾರ್ದು," ಎಂದಳು. ಆದರೂ ಒಪ್ಪಿದಳು.

ಎರಡನೆಯ ಕಾರಣ ಕಂಡುಹಿಡಿದಾಗ ನನಗೆ ಮೈ ಜುಮ್ಮೆಂದಿತು. ಈ ನಡುವೆ ನಾನು ಸ್ಕ್ರಿಪ್ಟನ್ನು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ತಿದ್ದಿದಾಗ ಅದು ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಿತ್ತಂತೆ. ನನಗೆ ಕಾಣದು, ಪೆಟ್ಟಿಗೆಗೆ ಕಾಣುತ್ತದೆ. ಕಂಡ ಕೂಡಲೇ ಅದು ಇದ್ಯಾವ ಭಾಷೆ ಎಂದು ಮುಖ ತಿರುಗಿಸುತ್ತದೆ. ಕಾಣದ್ದೊಂದು ಇಷ್ಟು ದಿನ ನನ್ನನ್ನು ಆಡಿಸುತ್ತಿತ್ತಲ್ಲ! ಪ್ರಪಂಚದ ಯಾವುದೋ ಮೂಲೆಯಲ್ಲಿ ಕೂತ ಒಬ್ಬ ಅಪರಿಚಿತ ಇದನ್ನು ಮೊದಲೇ ಅನುಭವಿಸಿ ನನಗಾಗಿ ಬರೆದಿಟ್ಟಿದ್ದ. ಅವನಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ, ಕಾಣದ ಗುರುತುಗಳನ್ನೆಲ್ಲ ಕಿತ್ತುಹಾಕಿದೆ. ಪ್ಲಗ್ ಕಿತ್ತು ಪರೀಕ್ಷೆ ಮಾಡಬೇಕೆಂದು ಕೈ ಚಾಚುವಷ್ಟರಲ್ಲಿ ಮೇಲೆ ಗುಡುಗಿತು. ಜಯಂತಿಯೇ ಕಿತ್ತಳು.

ಅಂದು ಗುಡುಗಿದ್ದಷ್ಟೇ, ಮಳೆ ಬರಲಿಲ್ಲ. ಮೋಡ ಆಲೂರಿನ ಕಡೆ ಸರಿದು ಬಿಸಿಲು ಬಂತು. ಇಳಿದು ಕೂತಿದ್ದ ಕೊಯ್ಲಿನವರು ಮತ್ತೆ ಏಣಿ ಹತ್ತಿದರು. ಪೆಟ್ಟಿಗೆ ಇನ್ನೂ ಮಲಗಿರುವಾಗ ಜನ ಮರದ ಮೇಲಿದ್ದಾರಲ್ಲ ಎಂದು ನಾನೇ ತೋಟಕ್ಕೆ ಹೋಗಿ ಸಿದ್ದಣ್ಣನ ಮರದ ಬುಡದಲ್ಲಿ ಕಾವಲು ನಿಂತೆ. ಇನ್ನು ಮುಂದೆ ಯಾರೂ ಹೀಗೆ ನಿಲ್ಲಬೇಕಾಗಿಲ್ಲ, ಗುಡುಗಿರಲಿ ಸಿಡಿಲಿರಲಿ ಪೆಟ್ಟಿಗೆ ತಾನಾಗಿ ಎದ್ದು ಕೆಲಸಕ್ಕೆ ಹಾಜರಾಗುತ್ತದೆ ಎಂದು ಕೆಳಗಿನಿಂದಲೇ ಒಂದು ಸಣ್ಣ ಭಾಷಣ ಮಾಡಿದೆ. ಮೇಲಿನಿಂದ ಒಂದಷ್ಟು ಮೆಣಸಿನ ಕರೆ, ಅಂದರೆ ಕಾಳಿನ ಗೊಂಚಲು, ನನ್ನ ತಲೆಯ ಮೇಲೆ ಉದುರಿತು. ಅದನ್ನು ಮೆಚ್ಚುಗೆಯೆಂದೇ ತಿಳಿದೆ.

ಅಷ್ಟರಲ್ಲಿ ಕಂಬದಿಂದ ನನ್ನ ಸ್ವರ ಬಂತು.

"ಆನೆ ಬಂದಿದೆ! ಆನೆ ಬಂದಿದೆ!"

ಅದು ಮುಗಿಯುವ ಮುಂಚೆಯೇ ಅದರ ಬೆನ್ನಿಗೆ ಇನ್ನೊಂದು ನಾನು ಶುರು ಮಾಡಿದೆ. ಅದರ ಹಿಂದೆ ಮೂರನೆಯ ನಾನು. ನಾಲ್ಕನೆಯ ನಾನು 'ಇಳಿಯತಕ್ಕದ್ದಲ್ಲ' ಎನ್ನುವಾಗ ಮೊದಲನೆಯ ನಾನು 'ಸೇರತಕ್ಕದ್ದು' ಎನ್ನುತ್ತಿದ್ದೆ. ಗುಡ್ಡವೆಲ್ಲ ತಕ್ಕದ್ದು ತಕ್ಕದ್ದು ಎಂದು ಮಾರ್ದನಿಸಿತು. ಹೆಂಗಸರು ಬುಟ್ಟಿ ಚೆಲ್ಲಿ ಓಡಿ ಕಣದ ಪಕ್ಕದ ಕಾಫಿ ಸ್ಟೋರಿನೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಮೇಲಿದ್ದವರು ಮರವನ್ನು ತಬ್ಬಿಕೊಂಡರು. ನಾನೋ? ಆಜ್ಞೆ ನನ್ನದು, ಸ್ವರ ನನ್ನದು, ಪೆಟ್ಟಿಗೆ ನನ್ನದು. ಆದರೂ ಅಷ್ಟು ಅಧಿಕಾರವಾಣಿಯಿಂದ ನಾಲ್ಕು ಜನ ಒಟ್ಟಿಗೆ ಹೇಳುತ್ತಿರುವಾಗ ನಂಬದೆ ಇರುವುದು ಹೇಗೆ? ಪಕ್ಕದ ಮರಕ್ಕೆ ಒರಗಿಸಿದ್ದ ಖಾಲಿ ಏಣಿಯನ್ನು ಹತ್ತಿದೆ. ಒಂಟಿ ಬಿದಿರಿನ ಏಣಿಯನ್ನು ನಾನು ಜನ್ಮದಲ್ಲಿ ಹತ್ತಿದವನಲ್ಲ. ಹೇಗೆ ಹತ್ತಿದೆನೋ ಇವತ್ತಿಗೂ ತಿಳಿಯದು.

"ಎಲ್ಲೈತೆ ಗೌಡ್ರೇ?" ಎಂದ ಸಿದ್ದಣ್ಣ ಪಕ್ಕದ ಮರದಿಂದ.

ನಾಲ್ಕು ದಿಕ್ಕಿನಿಂದಲೂ ಬಂದಿರಬೇಕು, ಅದಕ್ಕೇ ನಾಲ್ಕು ಸಲ ಕೂಗುತ್ತಿದೆ ಎಂದು ಹೇಳಿಬಿಟ್ಟೆ. ಸಿದ್ದಣ್ಣ ಇನ್ನೂ ಒಂದು ಆಳೆತ್ತರ ಮೇಲಕ್ಕೆ ಹೋದ.

ಬಳ್ಳಿ ತಬ್ಬಿಕೊಂಡು, ಕೆಂಪಿರುವೆಗಳಿಂದ ಕಚ್ಚಿಸಿಕೊಳ್ಳುತ್ತಾ ಕೂತಾಗ ನಿಧಾನವಾಗಿ ಬುದ್ಧಿ ತಿಳಿಯಾಯಿತು. ಜಯಂತಿ ಮಾತು ಕೊಟ್ಟಂತೆ ಮೊದಲು ಮೋಡೆಮ್ ಹಾಕಿದ್ದಾಳೆ. ಕಾಣದ ಗುರುತೂ ಹೋಗಿದೆ. ಹಾಗಾಗಿ ನಾನು ನೆಟ್ಟ ನಾಲ್ಕು ಬಳ್ಳಿಯೂ ಒಟ್ಟಿಗೆ ಹಿಡಿದುಬಿಟ್ಟಿವೆ! ನಿದ್ದೆಯ ಕತ್ತಲಿನಿಂದ ದಿಢೀರನೆ ಕಣ್ಣು ಬಿಟ್ಟ ಪೆಟ್ಟಿಗೆಗೆ ಎದುರಿಗೆ ಕಂಡದ್ದೆಲ್ಲ ಹೊಸದು. ಗೇಟು, ಕೆರೆ, ಬೇಲಿ, ಇಡೀ ತೋಟವೇ ಒಮ್ಮೆಗೇ ಎದ್ದು ಬಂದ ಹಾಗೆ ಕಂಡಿರಬೇಕು. ಪಾಪ, ಅದು ಪ್ರಪಂಚಕ್ಕೆಲ್ಲ ಆನೆ ಎಂದು ಹೆಸರಿಟ್ಟು ಕೂಗುತ್ತಿತ್ತು. ಕೂಗು ಎಂದು ಹೇಳಿಕೊಟ್ಟಿದ್ದೆ, ಸಾಕು ಎನ್ನುವುದನ್ನು ಹೇಳಿಕೊಟ್ಟಿರಲಿಲ್ಲ.

ಆನೆ ಇಲ್ಲ ಎಂದು ಗೊತ್ತಾದ ಮೇಲೆ ಇಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿದರೆ ಏನೆಂದು ಹೇಳಲಿ? ಪೆಟ್ಟಿಗೆ ಸುಳ್ಳು ಹೇಳಿತು ಎಂದು ಒಮ್ಮೆ ಗೊತ್ತಾದರೆ ನಿಜ ಹೇಳಿದ ದಿನ ಯಾರೂ ನಂಬುವುದಿಲ್ಲ. ನಾಳೆ ನಿಜವಾಗಿಯೂ ಸಲಗ ಬಂದಾಗ, ಇದು ಗೌಡರ ಪೆಟ್ಟಿಗೆಯ ಹಾಳು ಹರಟೆ ಎಂದುಕೊಂಡು ಯಾರಾದರೂ ಇಳಿದುಬಿಟ್ಟರೆ? ಮಾನ ಮರ್ಯಾದೆಯ ಮಾತು ಹಾಗಿರಲಿ, ಸಿದ್ದಣ್ಣನ ಜೀವದ ಮಾತು. ಕೂತೇ ಇದ್ದೆ.

ಆ ಹೊತ್ತಿಗೆ ಸ್ವರ ನಿಂತಿತು. ನಾಲ್ಕೂ ಒಟ್ಟಿಗೆ ನಿಂತವು. ಜಯಂತಿ ಪ್ಲಗ್ ಕಿತ್ತಿದ್ದಾಳೆ ಎಂದು ನನ್ನೊಬ್ಬನಿಗೆ ಅರ್ಥವಾಯಿತು. ಹೇಗೋ ಒಂದು ಸಮಾಧಾನ ಹೇಳಿದರಾಯಿತು ಎಂದು ಏಣಿಯ ಮೇಲೆ ಒಂದು ಕಾಲು ಕೆಳಗಿಟ್ಟೆ.

ಕೆಳಗೆ ಕಾಫಿ ಗಿಡ ಅಲ್ಲಾಡಿತು. ಗಾಳಿ ಇರಲಿಲ್ಲ.

ಮೊದಲು ವಾಸನೆ ಬಂತು, ಕೆಸರು ಮತ್ತು ಹಸಿ ಹುಲ್ಲಿನ ಬಿಸಿ ವಾಸನೆ. ಆಮೇಲೆ ಎಲೆಗಳ ನಡುವೆ ಬೂದು ಬಣ್ಣದ ಒಂದು ಗೋಡೆ ನಿಧಾನವಾಗಿ ಸರಿಯಿತು. ಹಿರಿಯ ಹೆಣ್ಣಾನೆ. ಅದರ ಹಿಂದೆ ಇನ್ನೊಂದು, ಮತ್ತೊಂದು, ನಡುವೆ ತಾಯಿಯ ಹೊಟ್ಟೆಯ ಕೆಳಗೇ ನಡೆಯುತ್ತಿದ್ದ ಒಂದು ಮರಿ. ಅಷ್ಟು ಭಾರದ ಜೀವಗಳು ಅಷ್ಟು ಒಣಗಿದ ಎಲೆಗಳ ಮೇಲೆ ನಡೆದರೂ ಸದ್ದೇ ಇಲ್ಲ. ಹಿರಿಯ ಆನೆ ನನ್ನ ಮರದ ಬುಡದಲ್ಲಿ ನಿಂತು ಸೊಂಡಿಲೆತ್ತಿ ಏಣಿಯನ್ನು ಮುಟ್ಟಿತು. ನಾನು ಹಿಡಿದುಕೊಂಡಿದ್ದ ಬಿದಿರು ಮೆಲ್ಲಗೆ ನಡುಗಿದ್ದು ನನ್ನ ಅಂಗೈಗೆ ತಿಳಿಯಿತು. ಏಣಿಯ ಆ ತುದಿಯಲ್ಲಿ ಅದು, ಈ ತುದಿಯಲ್ಲಿ ನಾನು. ಭಯವಾಯಿತೇ ಎಂದರೆ ಆಯಿತು. ಆದರೆ ಭಯದ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಇಂಥದ್ದು ನಮ್ಮ ನಡುವೆ ನಡೆದಾಡಿಕೊಂಡಿದೆಯಲ್ಲ, ನಾವು ಇದಕ್ಕೆ ಮೈಕು ಕಟ್ಟಿ ಕೂಗುತ್ತೇವಲ್ಲ ಎನಿಸಿತು. ಅದು ಏಣಿಯನ್ನು ಬಿಟ್ಟು, ಮರಿಯನ್ನು ಸೊಂಡಿಲಿನಿಂದ ಮುಂದಕ್ಕೆ ತಳ್ಳಿ, ಗುಡ್ಡ ಹತ್ತಿ ಕಾಡಿನ ಕಡೆ ಹೋಯಿತು.

ಇಳಿದ ಮೇಲೆ ಸಿದ್ದಣ್ಣ ಸೀದಾ ಮನೆಗೆ ಬಂದು, ಪೆಟ್ಟಿಗೆಯ ಮುಂದೆ ನಿಂತು ಕೈ ಮುಗಿದ. "ನಾವ್ ಕೆಳಗಿದ್ದಿದ್ರೆ ಮುಗಿದೋಗಿತ್ತು. ಆನೆ ಇನ್ನೂ ಕಣ್ಣಿಗೆ ಬೀಳೋದಕ್ಕೆ ಮುಂಚೇನೇ ಹೇಳ್ಬುಟ್ತಲ್ಲ ಇದು," ಎಂದ. ಸ್ಟೋರಿನಿಂದ ಬಂದ ಹೆಂಗಸರು ಪೆಟ್ಟಿಗೆಗೆ ಹೂವಿಟ್ಟರು. ರಾಜೇಗೌಡರು ತಮಗೂ ಇಂಥದ್ದೊಂದು ಮಾಡಿಕೊಡಬೇಕೆಂದು ನನ್ನ ಕೈ ಹಿಡಿದುಕೊಂಡರು. ನಾನು ಇರುವೆ ಕಚ್ಚಿದ ಮುಖದಲ್ಲೇ ವಿನಯದ ನಗೆ ನಕ್ಕು, ಎಲ್ಲ ಆ ಸ್ಟಾರ್ಟಪ್ ಸ್ಕ್ರಿಪ್ಟಿನ ಮಹಿಮೆ ಎಂದೆ. ಪ್ಲಗ್ ಇನ್ನೂ ಕಿತ್ತೇ ಇತ್ತು, ದೀಪ ಒಂದೂ ಉರಿಯುತ್ತಿರಲಿಲ್ಲ. ಅದನ್ನು ಜಯಂತಿ ನೋಡಿದಳು, ನನ್ನನ್ನೂ ನೋಡಿದಳು, ಎಲ್ಲರಿಗೂ ಕಾಫಿ ತರಲು ಒಳಗೆ ಹೋದಳು. ಒಂದು ಗಳಿಗೆ ನನಗೂ ಅನುಮಾನ ಬಂತು, ಪೆಟ್ಟಿಗೆಗೆ ನಿಜವಾಗಿಯೇ ಮೊದಲು ತಿಳಿದಿತ್ತೇನೋ ಎಂದು.

ಆಗ ಅಂಗಳಕ್ಕೆ ಆನೆ ಕಾವಲಿನ ಫಾರೆಸ್ಟ್ ಗಾರ್ಡ್ ಬಂದರು. ಬೆವರಿ ತೊಯ್ದುಹೋಗಿದ್ದರು, ಪ್ಯಾಂಟಿಗೆಲ್ಲ ಕೆಸರು. ಆನೆಗಳು ಯಾವ ಕಡೆ ಹೋದವು, ಯಾರಿಗೂ ಏನೂ ಆಗಲಿಲ್ಲ ತಾನೆ ಎಂದು ಮೊದಲು ವಿಚಾರಿಸಿದರು. ಆಗಲಿಲ್ಲ ಎಂದು ತಿಳಿದು ಜಗಲಿಯ ಮೇಲೆ ಕುಸಿದು ಕೂತರು.

"ಕೆಳಗಡೆ ಗದ್ದೆ ಪಕ್ಕ ಬಿದಿರುಮೆಳೆ ಐತಲ್ಲ, ಅದ್ರೊಳಗೆ ಬೆಳಗ್ಗಿಂದ ಆರಾಮಾಗಿ ನಿಂತಿದ್ವು," ಎಂದರು. "ಮರಿ ಮಲ್ಗಿತ್ತು. ಕತ್ಲಾದ್ಮೇಲೆ ತಾವಾಗೇ ಹೊಳೆ ದಾಟ್ತಿದ್ವು. ನಾವೂ ಉಸಿರು ಬಿಡ್ದೆ ಕಾಯ್ತಾ ಕೂತಿದ್ವಿ. ಅಷ್ಟರಾಗೆ ಯಾರೋ ನಾಕು ಜನ ಸೇರ್ಕಂಡು ಮೈಕಲ್ಲಿ ಅದೇನೋ ತಕ್ಕದ್ದು ತಕ್ಕದ್ದು ಅಂತ ಅರಚೋಕೆ ಶುರುಮಾಡ್ಬುಟ್ರು. ಮರಿ ಗಾಬರಿಯಾಗಿ ಎದ್ದು ಓಡ್ತು. ಅದ್ರ ಹಿಂದೆ ಎಲ್ಲ ಎದ್ದು ನಿಮ್ ತೋಟಕ್ಕೇ ನುಗ್ಗಿದ್ವು."

ಸಿದ್ದಣ್ಣ ಮುಗಿದಿದ್ದ ಕೈಯನ್ನು ನಿಧಾನವಾಗಿ ಬಿಚ್ಚಿದ. ರಾಜೇಗೌಡರು ನನ್ನ ಕೈ ಬಿಟ್ಟರು. ಏನಾದರೂ ಹೇಳಲೇಬೇಕಾದ ಹೊತ್ತು ಅದು.

"ಹೀಗೆಲ್ಲ ಕೂಗತಕ್ಕದ್ದಲ್ಲ," ಎಂದೆ.

ಗಾರ್ಡ್ ತಲೆಯೆತ್ತಿ ನನ್ನನ್ನೇ ನೋಡಿದರು. "ನಿಮ್ ಸ್ವರ ಎಲ್ಲೋ ಕೇಳ್ದಂಗೈತಲ್ಲ ಸಾರ್," ಎಂದರು.

ಆಮೇಲೆ ಅವರು ಹೊರಡುವವರೆಗೂ ನಾನು ಬಾಯಿ ಬಿಡಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಜಯಂತಿ, ಅಂದು ಎಲ್ಲರೆದುರು ಬೇಕೆಂದೇ ಕೇಳಿದಳು. ಎರಡು ಬೆರಳು ತೋರಿಸಿದೆ.